ಚೀಲದೊಳಗಿನ ಗಡಿಯಾರ

ಗುರುವಾರ, ಸಂಜೆ

ಪುಟ್ಟೀ,

ನಾವಿಬ್ಬರೂ ಕ್ಷೇಮ. ಈ ಮಾತನ್ನು ಇವತ್ತು ಧೈರ್ಯವಾಗಿ ಬರೆಯುತ್ತಿದ್ದೇನೆ. ಮೊದಲು ಕುಳಿತುಕೋ, ನೀರು ಕುಡಿ, ಆಮೇಲೆ ಓದು. ನಿನ್ನಪ್ಪ ಸೋಮವಾರ ಸೋಮವಾರ ಹಲ್ಲು ತೋರಿಸಲು ಹೋಗುತ್ತಾರೆ ಅಂತ ಬರೆದಿದ್ದೆನಲ್ಲ, ಹೋಗುತ್ತಿದ್ದದ್ದು ಪೊಲೀಸ್ ಠಾಣೆಗೆ. ಜಾಮೀನಿನ ಮೇಲೆ ಹೊರಗಿರುವವರು ವಾರವಾರ ಸಹಿ ಹಾಕಬೇಕಂತೆ. ಆದರೆ ಇದಕ್ಕೆಲ್ಲ ಕಾರಣ ಒಬ್ಬ ಹಲ್ಲಿನ ಡಾಕ್ಟರಮ್ಮನೇ, ಹಾಗಾಗಿ ನಾನು ಹೇಳಿದ್ದು ಪೂರ್ತಿ ಸುಳ್ಳಲ್ಲ.

ಆದದ್ದು ಇಷ್ಟು. ಬೀದಿ ಕೊನೆಯ ಹಸಿರು ಗೇಟಿನ ಮನೆಗೆ ಬಣ್ಣ ಹೊಡೆಯಬೇಕು, ಕೀಲಿ ಹೂಕುಂಡದ ಕೆಳಗಿದೆ ಅಂತ ಯಾರೋ ನಿನ್ನಪ್ಪನಿಗೆ ಫೋನಿನಲ್ಲಿ ಹೇಳಿದರು. ಅಲ್ಲಿ ಹಸಿರು ಗೇಟು ಎರಡಿವೆ, ಅಕ್ಕಪಕ್ಕದಲ್ಲೇ. ಹೋದ ವರ್ಷ ಒಂದಕ್ಕೆ ಹೊಡೆದು ಮಿಕ್ಕ ಬಣ್ಣವನ್ನು ಇನ್ನೊಂದಕ್ಕೆ ಬಳಿದವರು ಯಾರು ಅಂತೀಯ? ನಿನ್ನಪ್ಪನೇ. ಹೂಕುಂಡವೂ ಎರಡು ಕಡೆ ಇತ್ತು, ಕೆಳಗೆ ಕೀಲಿಯೂ ಇತ್ತು. ಬೇರೆ ಊರಿಗೆ ಹೋಗಿದ್ದ ಡಾಕ್ಟರಮ್ಮ ಬಂದು ನೋಡಿದರೆ, ಅವರ ಮಲಗುವ ಕೋಣೆಯಲ್ಲಿ ಏಣಿ ಹತ್ತಿ ನಿಂತವರೊಬ್ಬರು, "ಚಪ್ಪಲಿ ಹೊರಗೆ ಬಿಡಮ್ಮ, ಈಗ ತಾನೇ ನೆಲ ಒರೆಸಿದ್ದೀನಿ" ಅಂದರಂತೆ. ಕಿರುಚದೆ ಇನ್ನೇನು ಮಾಡಿಯಾರು?

ಪೊಲೀಸರು ಬಂದು ಚೀಲ ಬಿಚ್ಚಿದರೆ ಒಳಗೆ ಆಯಮ್ಮನ ಗೋಡೆ ಗಡಿಯಾರ, ಟಿಕ್ ಟಿಕ್ ಅಂತ. ಮನೆಗೆ ನುಗ್ಗಿದ್ದು ಒಂದು ಆರೋಪ, ಕಳವು ಇನ್ನೊಂದು. ಸಾಬೀತಾದರೆ ಜೈಲು. ಅಂದಿನಿಂದ ನಾನು ಕಂಡ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ನಿನ್ನಪ್ಪನಿಗೆ ಮಾತ್ರ, "ಒಂದು ಗೋಡೆಗೆ ಎರಡನೇ ಕೈ ಬಣ್ಣ ಬಾಕಿ ಉಳೀತಲ್ಲೇ" ಅನ್ನುವ ಕೊರಗು. ಠಾಣೆಯ ಗೋಡೆ ಉದುರುವುದನ್ನೂ ನೋಡಲಾರದೆ, ಈ ಸೋಮವಾರ ಸಹಿ ಹಾಕಲು ಹೋದವರು ಅದಕ್ಕೂ ಬಳಿದು ಬಂದರು.

ಇವತ್ತು ಕೋರ್ಟು. ನಮ್ಮ ವಕೀಲರು ನಿನ್ನ ವಯಸ್ಸಿನ ಹುಡುಗಿ. "ಅಮ್ಮಾ, ಕೇಳಿದ್ದಕ್ಕೆ ಹೌದು, ಇಲ್ಲ, ಅಷ್ಟೇ. ಮೂರನೇ ಮಾತು ಬೇಡ" ಅಂತ ಹೇಳಿ ಹೇಳಿ ಕಳಿಸಿದ್ದಳು. ನಾನೋ ಐದನೇ ಕ್ಲಾಸನ್ನೇ ಎರಡು ಕಂತಿನಲ್ಲಿ ಓದಿ ಬಿಟ್ಟವಳು. ಕಟಕಟೆ ಹತ್ತುವಷ್ಟರಲ್ಲಿ ಹೇಳಿಕೊಟ್ಟದ್ದೆಲ್ಲ ಮರೆತಿದ್ದೆ.

ಸರ್ಕಾರದ ವಕೀಲರು, ಜನ ಕೀಲಿ ಎಲ್ಲಿಡುತ್ತಾರೆ ಅಂತ ನಿಮ್ಮ ಯಜಮಾನರಿಗೆ ಗೊತ್ತಿತ್ತಾ ಅಂತ ಕೇಳಿದರು. "ಆ ಬೀದೀಲಿ ಎಲ್ಲರ ಮನೇದೂ ಗೊತ್ತು ಸ್ವಾಮಿ" ಅಂದುಬಿಟ್ಟೆ. ನಮ್ಮ ಹುಡುಗಿ ಹಣೆ ಹಿಡಿದುಕೊಂಡಳು. ಬೇರೆಯವರ ಗಡಿಯಾರ ಚೀಲಕ್ಕೆ ಹಾಕಿಕೊಂಡದ್ದು ಇದೇ ಮೊದಲಾ ಅಂದರು. "ಇಲ್ಲ" ಅಂದೆ. ಅವರು ಮೀಸೆಯಲ್ಲೇ ನಕ್ಕರು. ಆಗ ನನ್ನ ಸಂಕಟವೆಲ್ಲ ಬಾಯಿಗೆ ಬಂತು.

"ಧೂಳು ಬೀಳಬಾರದು ಅಂತ ಮೊದಲು ಗಡಿಯಾರ ಚೀಲಕ್ಕೆ, ಆಮೇಲೆ ಇವರು ಏಣಿಗೆ. ನಮ್ಮನೆಗೆ ಬಣ್ಣ ಹೊಡೆದಾಗಲೂ ಹಾಗೇ ಚೀಲ ಎತ್ಕೊಂಡು ಬೇರೆ ಕೆಲಸಕ್ಕೆ ಹೊರಟೇಹೋದ್ರು. ವಾರಗಟ್ಟಲೆ ಹೊಟ್ಟೆ ಚುರುಗುಟ್ಟೋದನ್ನ ನೋಡಿ ಟೈಮು ತಿಳ್ಕೊಂಡೆ. ಅವತ್ತೇ ನಾನೂ ಒಂದು ಕೇಸು ಹಾಕಬೇಕಿತ್ತು" ಅಂದೆ.

ಜಡ್ಜ್ ಸಾಹೇಬರು ಕನ್ನಡಕ ತೆಗೆದು, "ಸ್ವಂತ ಮನೆ ಗಡಿಯಾರಾನೂ?" ಅಂದರು. "ಹೌದು" ಅಂದೆ. ವಕೀಲರು ಹೇಳಿಕೊಟ್ಟ ಹಾಗೆ ಹೇಳಿ ಅಲ್ಲಿಗೇ ನಿಲ್ಲಿಸಿದ್ದು ಅದೊಂದೇ ಸಲ.

ಆಮೇಲೆ ಠಾಣೆಯ ಪೊಲೀಸಪ್ಪನ ಸರದಿ. ಕರೆದಾಗ ಇರಲಿಲ್ಲ, ಏದುಸಿರು ಬಿಡುತ್ತಾ ಬಂದು ಚೆನ್ನಾಗಿ ಬೈಸಿಕೊಂಡರು. ಸಾಮಾನಿಗೆಲ್ಲ ಬಟ್ಟೆ ಹೊದಿಸಿತ್ತು, ಮಂಚದ ಕಾಲಿದ್ದ ಜಾಗಕ್ಕೂ ಸೀಮೆಸುಣ್ಣದ ಗುರುತಿತ್ತು ಅಂತ ಒಪ್ಪಿಕೊಂಡರು.

ಮಧ್ಯಾಹ್ನವೇ ತೀರ್ಪು. ಕದಿಯುವ ಉದ್ದೇಶವಿಲ್ಲದೆ ಕಳವಿಲ್ಲ, ಮನೆ ತಪ್ಪಿ ಹೋದದ್ದು ನುಗ್ಗಿದ ಹಾಗಲ್ಲ, ಕಳ್ಳನಾದವನು ವಾಪಸ್ ಇಡುವ ಜಾಗಕ್ಕೆ ಗುರುತು ಹಾಕಿಕೊಳ್ಳುವುದಿಲ್ಲ ಅಂತ ಹೇಳಿ ಬಿಟ್ಟುಬಿಟ್ಟರು. ಹೊರಗೆ ಡಾಕ್ಟರಮ್ಮ ಮುಖ ಗಂಟು ಹಾಕಿಕೊಂಡೇ ಹತ್ತಿರ ಬಂದು, "ಆ ಒಂದು ಗೋಡೆ ಮುಗಿಸ್ಕೊಡಿ, ನಾನು ಮನೇಲಿರೋವಾಗ" ಅಂದರು. ನಿನ್ನಪ್ಪನ ಮುಖ ಅರಳಿದ್ದು ತೀರ್ಪಿಗಲ್ಲ, ಈ ಮಾತಿಗೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಮ್ಮ ಚಿಂತೆ ಬಿಡು, ನಾನೂ ಬಿಟ್ಟಿದ್ದೇನೆ.

ಇಂದಿನಿಂದ ಯಾವುದಕ್ಕೂ ಹೆದರದ,
ನಿನ್ನ ಅಮ್ಮ

ಮರೆತ ಮಾತು: ಕಾಗದ ಅಂಟಿಸುವ ಮುಂಚೆ ನಿನ್ನಪ್ಪನ ಹೊಸ ಚೀಲ ಒಗೆಯೋಣ ಅಂತ ಎತ್ತಿದೆ. ಒಳಗೆ ಟಿಕ್ ಟಿಕ್. ನಮ್ಮ ಗಡಿಯಾರ ಗೋಡೆಯ ಮೇಲೇ ಇದೆ. ಡಾಕ್ಟರಮ್ಮನದು ಹಳೇ ಚೀಲದ ಜೊತೆ ಇನ್ನೂ ಕೋರ್ಟಿನಲ್ಲೇ ಇದೆ. ನಿನ್ನಪ್ಪ ಗೊರಕೆ ಹೊಡೆಯುತ್ತಿದ್ದಾರೆ. ಆ ಪೊಲೀಸಪ್ಪ ಯಾಕೆ ತಡವಾಗಿ ಬಂದರು ಅಂತ ನನಗೆ ಈಗ ಗೊತ್ತಾಯಿತು.