ಕರೆಂಟ್ ಹೋದ ಹೊತ್ತು

೪ ಮಾರ್ಚ್ ೨೦೦೨. ಇಳಕಲ್

ಮತ್ತೆ ಫ್ಯಾಕ್ಸ್ ಹಾಳು. ಸೋಲಾಪುರಕ್ಕೆ ಕಳಿಸಿದ ಸೆರಗಿನ ನಮೂನೆ ಅಲ್ಲಿ ಬರೀ ಮಸಿಯಾಗಿ ಇಳಿದಿದೆ. ವ್ಯಾಪಾರಿ ಫೋನ್ ಮಾಡಿ, "ಇದು ಸೆರಗೋ, ರೊಟ್ಟಿ ಹಂಚಿನ ತಳಾನೋ?" ಅಂದ. ನಗು ಬರಲಿಲ್ಲ. ಹಳೇ ತಾಮ್ರದ ತಂತಿ... ಮಳೆ ಬಂದರೆ ಗೊರಗೊರ, ಗಾಳಿ ಬೀಸಿದರೆ ಯಾರದೋ ಮನೆಯ ಜಗಳ.

ಆದರೆ ಸುದ್ದಿ ಬಂದಿದೆ. ಪ್ರಯೋಗಕ್ಕೆಂದು ನಮ್ಮ ಓಣಿಗೆ ಫೈಬರ್ ಎಳೆಯುತ್ತಾರಂತೆ. ಸಂಘದ ಕಚೇರಿಗೇ ಮೊದಲು. ತಯಾರಿಯೆಲ್ಲ ನನ್ನ ಮೇಲೆ. ಆಗಲಿ. ಎರಡು ವರ್ಷ ಈ ನೇಕಾರರ ಸಂಘದಲ್ಲಿ ಕಾರಕೂನಿ ಮಾಡಿದ್ದು ಇಂಥ ದಿನಕ್ಕೇ. ಮಾಹಿತಿ ದಲಾಲರ ಕೈಯಲ್ಲಿರುವ ತನಕ ನೇಯುವವರ ಕೈ ಖಾಲಿ — ಕಾರ್ಮಿಕ ಚಳವಳಿಯ ಕಿರುಹೊತ್ತಿಗೆಯಲ್ಲಿ ಓದಿದ್ದು. ಇನ್ನು ಓದಿ ಸುಮ್ಮನಿರುವುದಿಲ್ಲ. ಕಂಪ್ಯೂಟರ್ ಬರಲಿ, ಸೀರೆಯ ಫೋಟೋ ಸೀದಾ ಪುಣೆಗೆ.

೮ ಮಾರ್ಚ್

ಸಂಘದ ಸಭೆ. ಪಕ್ಕದ ಪವರ್‌ಲೂಮ್ ಶೆಡ್ಡಿನ ಮಲಕಪ್ಪನೇ ಮೊದಲು ಬಾಯಿ ತೆಗೆದ.

"ಫೈಬರ್ ನಮ್ಮ ಬಚ್ಚಲಕ್ಕೂ ಐತಿ. ವರ್ಸದಾಗ ಬಾಗಲಾ ಸೊಟ್ಟ ಆತು. ಅದರಾಗ ಮಾತು ಹೆಂಗ ಹೋಕ್ಕೈತಿ?"

"ಅದು ಪ್ಲಾಸ್ಟಿಕ್ ರೀ. ಇದು ಗಾಜಿನ ಎಳಿ. ಬೆಳಕಿನ್ಯಾಗ ಮಾತು ಹೋಗ್ತೈತಿ."

"ಗಾಜಂದ್ರ ಒಡೀತೈತಿ," ಅಂದರು ಅಧ್ಯಕ್ಷರು, ಶಿವಸಂಗಪ್ಪ ಕಾಕಾ.

ಬೆಳಕಿನಿಂದ ಹಿಡಿದು ಶೋಷಣೆಯವರೆಗೆ ಎಲ್ಲ ಹೇಳಿದೆ. ಯಾರೂ ಎದ್ದು ಹೋಗಲಿಲ್ಲ. ಕೊನೆಗೆ ಮಲಕಪ್ಪ ನನ್ನತ್ತ ಕೈ ತೋರಿಸಿ, "ಸುಮಾನ ಮದಿವ್ಯಾಗಾವ ಪುಣ್ಯವಂತ. ಮನ್ಯಾಗ ರೇಡಿಯೋ ತರೂದು ಬ್ಯಾಡ" ಅಂದ. ನಗಲಿ. ಠರಾವು ಪಾಸಾಯಿತಲ್ಲ. ಹಳೇ ತಂತಿ ಪೂರ್ತಿ ಕಿತ್ತು ಒಯ್ಯಿರಿ ಎಂದು ಅರ್ಜಿಯಲ್ಲಿ ನಾನೇ ಬರೆದೆ. ಒಂದು ಕಾಲು ಹಿಂದೆ ಇಟ್ಟುಕೊಂಡು ಮುಂದೆ ಹೋಗಲಾಗದು.

೧೩ ಮಾರ್ಚ್, ಮಧ್ಯಾಹ್ನ

ಕರೆಂಟ್ ಹೋಯಿತು. ಸುತ್ತಲಿನ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕಿವಿ ಹಗುರಾಯಿತು. ಓಣಿಗೆ ಫೋನ್ ಬರುವುದೆಲ್ಲ ಈ ಹೊತ್ತಿಗೇ. ಪರವೂರಿನವರೂ ನಮ್ಮ ಕರೆಂಟ್ ಹೋಗುವ ವೇಳೆ ಕಲಿತಿದ್ದಾರೆ. ಮಗ್ಗ ನಡೆಯುವಾಗ ಮಾಡಿದರೆ ಹಲೋ ಕೂಡ ಕೇಳಿಸದು.

ರಂಜಾನಬಿ ಕೂಸನ್ನೆತ್ತಿಕೊಂಡು ಬಂದಳು. ನಮ್ಮಲ್ಲಿ ನೂಲಿನ ಕಂಡಿಕೆ ಸುತ್ತುವವಳು. ಗಂಡ ಹುಸೇನಸಾಬ ಕಲ್ಲು ಕ್ವಾರಿಯಲ್ಲಿದ್ದ. ಈಗ ಟಿ.ಬಿ. ಆಗಿ ಹುಬ್ಬಳ್ಳಿಯ ದವಾಖಾನೆಯಲ್ಲಿದ್ದಾನೆ. ಕೂಸು ಹುಟ್ಟುವ ಮೊದಲೇ ಹೋದವನು. ಎಳೆಗೂಸನ್ನು ವಾರ್ಡಿಗೆ ತರಬೇಡಿ ಅಂದಿದ್ದಾರೆ. ಹಾಗಾಗಿ ಅವನು ಮಗಳ ಮುಖ ನೋಡಿಲ್ಲ. ದನಿಯಷ್ಟೇ ಗೊತ್ತು.

ಫೋನ್ ಬಂತು. ಅವಳು ರಿಸೀವರನ್ನು ಕೂಸಿನ ಬಾಯಿಗೆ ಹಿಡಿದಳು. ಕೂಸು ಅದನ್ನು ನೆಕ್ಕಿತು. ಆಮೇಲೆ ಗಂಡಹೆಂಡಿರ ಮಾತು, ಉರ್ದುವಿನಲ್ಲಿ. ಅರ್ಧ ನನಗೆ ತಿಳಿಯುತ್ತದೆ. ಇನ್ನರ್ಧ ಹೊತ್ತು ಹೊರಗೆ ಹೋಗಿ ನಿಲ್ಲುತ್ತೇನೆ.

"ಮಗಳ ಸಪ್ಪಳಾ ಕೇಳಿದ ದಿನ ಎರಡು ರೊಟ್ಟಿ ಉಣ್ತಾನಂತ, ಸುಮವ್ವಾ. ಇಲ್ಲಂದ್ರ ಗುಳಿಗಿ ಸೈತ ಬ್ಯಾಡಂತಾನಂತ."

೨೯ ಮಾರ್ಚ್

ಬರೆಯಲು ಪುರಸೊತ್ತಿರಲಿಲ್ಲ. ಗೋಡೆಗೆ ತೂತು. ಟೇಬಲ್ ಕಿಡಕಿಯ ಹತ್ತಿರಕ್ಕೆ. ಹೊಸ ನಂಬರನ್ನು ಎಲ್ಲ ವ್ಯಾಪಾರಿಗಳಿಗೂ ಹೇಳಿಯಾಯಿತು. ಗಂಡನಿಗೆ ತಿಳಿಸಲೆಂದು ರಂಜಾನಬಿಗೂ ಚೀಟಿಯಲ್ಲಿ ಬರೆದುಕೊಟ್ಟೆ. "ಇನ್ನ ಗಂಡನ ದನಿ ಬಾಜೂಕ ಕುಂತಂಗ ಕೇಳ್ತೈತಿ ನೋಡ ಅಕ್ಕಾ" ಅಂದೆ. ಚೀಟಿಯನ್ನು ಕುಪ್ಪಸದೊಳಗೆ ಇಟ್ಟುಕೊಂಡಳು.

೧ ಏಪ್ರಿಲ್

ಬೆಳಿಗ್ಗೆ ಫೈಬರ್ ಚಾಲೂ. ಗೋಡೆಯ ಮೇಲೊಂದು ಬಿಳಿ ಡಬ್ಬಿ, ಹಸಿರು ದೀಪ. ಸೋಲಾಪುರಕ್ಕೆ ಫ್ಯಾಕ್ಸ್ ಹೋಯಿತು, ಒಂದೊಂದು ಎಳೆ ಎಣಿಸುವ ಹಾಗೆ. ಕಾಕಾ ಪೇಢೆ ತರಿಸಿದರು. ಹಳೇ ತಂತಿ ಸುತ್ತಿಕೊಂಡು ಟೆಲಿಫೋನಿನವರ ಜೀಪು ಹೊರಟಾಗ ಕೈ ಬೀಸಿದೆ.

ಮಧ್ಯಾಹ್ನ. ಕರೆಂಟ್ ಹೋಯಿತು. ಹಸಿರು ದೀಪವೂ ಹೋಯಿತು.

ರಂಜಾನಬಿ ಕೂಸಿನ ಜೊತೆ ಕೂತೇ ಇದ್ದಳು. ರಿಸೀವರ್ ಎತ್ತಿ ಕಿವಿಗಿಟ್ಟೆ. ಏನೂ ಇಲ್ಲ. ಗೊರಗೊರ ಕೂಡ ಇಲ್ಲ.

೨ ಏಪ್ರಿಲ್

ಎಂಜಿನಿಯರನ್ನು ಕೇಳಿದೆ. ಹಳೇ ತಂತಿಯಲ್ಲಿ ಎಕ್ಸ್‌ಚೇಂಜಿನ ಕರೆಂಟೇ ಹರಿದು ಬರುತ್ತಿತ್ತಂತೆ. ಗಾಜಿನಲ್ಲಿ ಕರೆಂಟ್ ಹರಿಯದು. ಡಬ್ಬಿಗೆ ನಮ್ಮ ಕಚೇರಿಯ ಕರೆಂಟೇ ಬೇಕು.

"ಬ್ಯಾಟರಿ?"

"ಬರ್ತಾವ್ರೀ. ಮಳಿಗಾಲಕ್ಕ."

ಮಾತಾಡಲು ಸಾಧ್ಯವಿದ್ದ ಹೊತ್ತಿಗೇ ಸರಿಯಾಗಿ ಫೋನ್ ಸಾಯುತ್ತದೆ. ಬಸ್‌ಸ್ಟ್ಯಾಂಡಿನ ಎಸ್‌ಟಿಡಿ ಬೂತಿನಿಂದ ಮಾಡಿಸೋಣವೆಂದರೆ, ದವಾಖಾನೆಯಲ್ಲಿ ರೋಗಿಯನ್ನು ಕರೆದು ಕೊಡುವವರಿಲ್ಲ. ಅವನೇ ಅಲ್ಲಿನ ಕಾಯಿನ್ ಫೋನಿನಿಂದ ಮಾಡಬೇಕು. ಪುಸ್ತಿಕೆಗಳನ್ನೆಲ್ಲ ತಿರುವಿ ಹಾಕಿದೆ. ವಿದ್ಯುತ್ತಿನ ಬಗ್ಗೆ ಇದೆ. ಸದ್ದಿನ ಬಗ್ಗೆ ಒಂದು ಸಾಲಿಲ್ಲ.

೫ ಏಪ್ರಿಲ್

ಸಂಜೆ ಹುಸೇನಸಾಬನ ಫೋನ್. ಕರೆಂಟ್ ಇತ್ತು, ಮಗ್ಗಗಳೂ ನಡೆಯುತ್ತಿದ್ದವು. ಸದ್ದು ತಡೆಯಲೆಂದು ಕಿಡಕಿಗೆ ಎರಡು ದಪ್ಪ ಕೌದಿ ಕಟ್ಟಿದೆ. ಉಪಯೋಗವಿಲ್ಲ. ಅವಳು ಒಂದು ಕಿವಿ ಮುಚ್ಚಿ ಇನ್ನೊಂದಕ್ಕೆ ರಿಸೀವರ್ ಒತ್ತಿ, ಏನು, ಏನು ಅಂತ ಒದರುತ್ತಿದ್ದಳು. ಅವನಿಗೆ ಒದರುವಷ್ಟು ಉಸಿರಿಲ್ಲ. ಕೂಸು ಅಷ್ಟು ಗದ್ದಲದಲ್ಲೂ ನಿದ್ದೆ ಮಾಡುತ್ತಿತ್ತು.

"ದನಿ ಬಂತು, ಮಾತು ಬರಲಿಲ್ಲ," ಅಂದಳು. "ಬರ್ತೇನಿ ಅಂದಂಗಾತು. ಅದೊಂದ ಕೇಳಿಸ್ತು."

ಬರ್ತೇನಿ. ಔಷಧಿ ನಡುವೆ ಬಿಟ್ಟು ಬಂದರೆ ಅವನು ಉಳಿಯುವುದಿಲ್ಲ. ಕೂಸಿಗೂ ತಗಲುತ್ತದೆ. ಅವಳಿಗೂ ಗೊತ್ತು. ಹೋಗಿ ಕಂಡಿಕೆ ಸುತ್ತಲು ಕೂತಳು.

೯ ಏಪ್ರಿಲ್

ಮಲಕಪ್ಪನ ಶೆಡ್ಡಿಗೆ ಹೋದೆ. ಹುಸೇನಸಾಬನ ಫೋನ್ ಬಂದಾಗ ಮಗ್ಗ ನಿಲ್ಲಿಸಿ ಅಂತ ಕೇಳಲು.

"ಸಂಪು ಮಾಡಸಾಕ ಬಂದಿಯೇನಬೇ?"

"ಅಲ್ರೀ. ಮಾತು ಮುಗಿಯೂತನಕ."

"ನಡುವ ನಿಲ್ಲಿಸಿದ್ರ ಸೀರ್ಯಾಗ ಗೆರಿ ಬೀಳ್ತೈತಿ."

"ಕರೆಂಟ್ ಹೋದಾಗ ಬೀಳೂದಿಲ್ಲೇನ್ರಿ?"

"ಅದು ಸರಕಾರದ ಗೆರಿ. ಇದು ನನ್ನ ಗೆರಿ." ಮಗ್ಗದ ಕಡೆ ತಿರುಗಿ, "ನಾ ಒಬ್ಬ ನಿಲ್ಲಿಸಿದ್ರ ಏನಾತು? ಆಚಿ ಗುರಪ್ಪನ ಶೆಡ್ಡು ಬಾಯಿ ಮುಚ್ಚತೈತೇನ?"

ಸ್ವಾರ್ಥಿ, ಮಾಲೀಕ ವರ್ಗ — ನಾಲಿಗೆ ತುದಿಗೆ ಬಂತು. ನುಂಗಿದೆ. ಕೆಲಸ ಆಗಬೇಕಲ್ಲ. ಕೈ ಮುಗಿದು ಬಂದೆ. ಕೈ ಮುಗಿದದ್ದು ಇದೇ ಮೊದಲು.

೧೧ ಏಪ್ರಿಲ್

ಮಲಕಪ್ಪ ತಾನೇ ಕಚೇರಿಗೆ ಬಂದ. ಕೂರಲಿಲ್ಲ.

"ಆ ಕೂಸಿನ ಹೆಸರೇನ?"

"ಇಟ್ಟಿಲ್ರಿ. ಅಪ್ಪ ಆರಾಮಾಗಿ ಬಂದು ಇಡ್ತಾನಂತ."

"ಹೂಂ." ಮೀಸೆ ಒರೆಸಿಕೊಂಡ. "ಗುರಪ್ಪಗ ಹೇಳೇನಿ. ಫೋನ್ ಬಂದ ಕೂಡ್ಲೆ ಕಿಡಕ್ಯಾಗ ಟಾವೆಲ್ ಬೀಸು. ಒದರಬ್ಯಾಡ ಮತ್ತ. ಮಗ್ಗದ ಮುಂದ ನಿನ್ನ ಬಾಯಿನೂ ಸಣ್ಣದು."

"ಗೆರಿ ಬಿದ್ರ?"

"ಬಿದ್ರ ಸೀರಿ ಮಡಿಕ್ಯಾಗ ಮುಚ್ತೇನಿ. ನೀ ಭಾಷಣಾ ಮಾಡಬ್ಯಾಡ."

೧೨ ಏಪ್ರಿಲ್, ಸಂಜೆ

ಬಂತು. ಈಗಷ್ಟೇ. ಟಾವೆಲ್ ಬೀಸಿದೆ. ಮೊದಲು ಮಲಕಪ್ಪನ ಶೆಡ್ಡು, ಆಮೇಲೆ ಗುರಪ್ಪನದು. ನಂತರ, ನಾವು ಯಾರೂ ಹೇಳದಿದ್ದರೂ, ಹಿಂದಿನ ಓಣಿಯವೂ ಒಂದೊಂದೇ.

ಸದ್ದು ನಿಂತದ್ದೇ ತಡ, ರಂಜಾನಬಿ ರಿಸೀವರ್ ಕೆಳಗಿಡಲು ಹೋದಳು. "ಕರೆಂಟ್ ಹೋತು..."

"ಇಡಬ್ಯಾಡ ಅಕ್ಕಾ. ಫ್ಯಾನ್ ನೋಡ. ತಿರಗಾಕತ್ತೈತಿ."

ಫ್ಯಾನ್ ನೋಡಿದಳು. ಕಿಡಕಿಯಾಚೆ ನೋಡಿದಳು. ಮತ್ತೆ ಕಿವಿಗಿಟ್ಟಳು. ಮಡಿಲಲ್ಲಿದ್ದ ಕೂಸು, ಗದ್ದಲದಲ್ಲಿ ಮಲಗಿದ್ದು, ಈ ಮೌನಕ್ಕೆ ಬೆಚ್ಚಿ ಎದ್ದು ಜೋರಾಗಿ ಅತ್ತಿತು. ಅವಳು ಸುಮ್ಮನಾಗಿಸಲಿಲ್ಲ. ಫೋನಿನ ಬಾಯಿಗೇ ಹಿಡಿದಳು. ಆ ಕಡೆಯಿಂದ ಕೆಮ್ಮು. ಆಮೇಲೆ ನಗು. ನನಗೂ ಕೇಳಿಸಿತು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಿದ್ದೇನೆ. ಶೆಡ್ಡಿನ ಬಾಗಿಲಲ್ಲಿ ಮಲಕಪ್ಪ, ಮಗ್ಗದವರೆಲ್ಲ ಅವನ ಹಿಂದೆ. ಒಬ್ಬ ಬೀಡಿ ಹಚ್ಚಲು ಕಡ್ಡಿ ತೆಗೆದು ಗೀರದೆ ಹಿಡಿದುಕೊಂಡಿದ್ದಾನೆ. ಒಳಗೆ ರಂಜಾನಬಿ ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದಾಳೆ. ಬರಬೇಡ ಅನ್ನುತ್ತಿದ್ದಾಳೆ. ಗುಳಿಗೆ ಮುಗಿಸಿ ಬಾ. ನಾಳೆಯೂ ಮಾಡು, ಓಣಿ ಸುಮ್ಮನಿರುತ್ತದೆ.

ಅವನು ಏನೋ ಹೇಳುತ್ತಿರಬೇಕು, ಅವಳು ಕೇಳುತ್ತಿದ್ದಾಳೆ. ಈ ಪೆನ್ನು ಕಾಗದದ ಮೇಲೆ ಎಷ್ಟೊಂದು ಕರಕರ ಅನ್ನುತ್ತದೆ—