ಕೆಳಗಿನ ಸಾಲಿನ ಪುಸ್ತಕ

ವಿದ್ಯಾನಗರ, ಹುಬ್ಬಳ್ಳಿ
ಸೋಮವಾರ, ೧೪ ಜುಲೈ ೨೦೨೫

ಪ್ರೀತಿಯ ನಾಗರತ್ನಕ್ಕನಿಗೆ,

ನಿನ್ನ ತಂಗಿ ವೃಂದಾಳ ನಮಸ್ಕಾರ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯಲು ಹೋಗಿ ಪೆನ್ನು ತಡೆದೆ. ಕ್ಷೇಮವೋ ಅಲ್ಲವೋ ಎಂದು ನಿನ್ನನ್ನೇ ಕೇಳುವುದಕ್ಕೆ ಈ ಪತ್ರ. ಫೋನಿರುವಾಗ ಪತ್ರವೇಕೆ ಎಂದು ನಗಬೇಡ. ಈಚೆಗೆ ಫೋನಿನಲ್ಲಿ ನೀನು ವಿಪರೀತ ಖುಷಿಯಾಗಿರುತ್ತೀ. ಬೆಳಗಾವಿಯ ಆಸ್ಪತ್ರೆಯಲ್ಲಿ ನರ್ಸಾಗಿ ದುಡಿದು ಗಂಟಲು ಒರಟಾದವಳು, ಮಾತಿಗೆ ಮೊದಲು ಬೈಯುವವಳು, ಈಗ ದಿನಾ ನನ್ನನ್ನು ಕೂಸೇ ಎಂದು ಕರೆದು ಊಟ ಆಯಿತೇ ಎಂದು ಕೇಳುತ್ತೀ. ನನಗೆ ಮೂವತ್ತೊಂಬತ್ತು ವರ್ಷ, ಕೂಸಲ್ಲ. ಆದ್ದರಿಂದ ನೇರವಾಗಿ ಕೇಳುತ್ತೇನೆ. ನಮ್ಮ ಯಜಮಾನರಿಗೆ, ಮಿಲಿಂದರಿಗೆ, ಏನು ಕಾಯಿಲೆ? ನಿನಗೆ ಗೊತ್ತಿದೆ. ಮನೆಯಲ್ಲಿ ಎಲ್ಲರಿಗೂ ಗೊತ್ತಿದೆ. ನನ್ನೊಬ್ಬಳಿಗೆ ಹೇಳುತ್ತಿಲ್ಲ.

ನನ್ನ ಅನುಮಾನ ಹುಟ್ಟಿದ್ದು ಓಣಿಯವರಿಗಾಗಿ ನಾನು ಮನೆಯಲ್ಲೇ ತೆರೆದ ಓದುಕೋಣೆಯಲ್ಲಿ. ನೀನು ಫೆಬ್ರವರಿಯಲ್ಲಿ ಬಂದಾಗ ಆಸ್ಪತ್ರೆ ಮತ್ತು ಅಡುಗೆಮನೆ ಎರಡನ್ನೇ ನೋಡಿದೆ, ನಮ್ಮ ಮುಂದಿನ ಕೋಣೆಯಲ್ಲಿ ಒಂದು ದಿನವೂ ಕೂಡಲಿಲ್ಲ. ಅಲ್ಲಿರುವುದೆಲ್ಲ ಸಂಕಟದ ಪುಸ್ತಕಗಳು. ಮೇಲಿನ ಸಾಲಿನಲ್ಲಿ ನೆರೆ, ಬೆಂಕಿ, ಭೂಕಂಪ. ನಡುವೆ ಆಸ್ಪತ್ರೆ, ಅಪ್ಪನ ಕೆಲಸ ಹೋದದ್ದು, ಅಪ್ಪ ಅಮ್ಮ ಬೇರೆಯಾದದ್ದು. ಕೆಳಗಿನ ಸಾಲಿನಲ್ಲಿ ಸಾವು. ಅದನ್ನು ಕೆಳಗಿಟ್ಟದ್ದು ಚಿಕ್ಕ ಮಕ್ಕಳಿಗೂ ಕೈಗೆಟುಕಲಿ ಎಂದು. ಒಂದೊಂದು ಸಂಕಟಕ್ಕೂ ಎಡಕ್ಕೆ ಮಕ್ಕಳ ಚಿತ್ರಪುಸ್ತಕ, ಬಲಕ್ಕೆ ದೊಡ್ಡವರದು. ಲೋಕ ಸಂಕಟ ಬಂದಾಗ ವೆಂಕಟರಮಣ ಅನ್ನುತ್ತದೆ, ನಮ್ಮ ಓಣಿಯಾದರೂ ಸಂಕಟ ಬಂದಾಗ ವೃಂದಾಬಾಯಿ ಅನ್ನಲಿ ಎಂದು ನಾನು ಹೊರಟೆ.

ಅತ್ತೆ ತಾರಾಬಾಯಿಯವರಿಗೆ ಇದು ಮೊದಲಿನಿಂದಲೂ ಸೇರದು. ಅವರ ತವರಿನಲ್ಲಿ, ಸತ್ತವರ ಮನೆಯಲ್ಲಿ ಓದುವ ಪುರಾಣವನ್ನು ಯಾರೂ ಮನೆಯೊಳಗೆ ಇಟ್ಟುಕೊಳ್ಳುತ್ತಿರಲಿಲ್ಲವಂತೆ. ಸಾವಾದಾಗ ಆಚಾರ್ಯರ ಮನೆಯಿಂದ ತರುವುದು, ದಿನಕರ್ಮ ಮುಗಿದ ಕೂಡಲೇ ಮರಳಿಸುವುದು. ಸಾವಿಲ್ಲದ ಮನೆಯಲ್ಲಿ ಅದನ್ನು ತೆರೆದರೆ ಅದು ತನಗೆ ಬೇಕಾದವರನ್ನು ಹುಡುಕಿಕೊಳ್ಳುತ್ತದೆ ಎಂಬ ನಂಬಿಕೆ. ನನ್ನ ಕಪಾಟನ್ನು ನೋಡಿದ ದಿನ ಅವರು ಹೊಸ್ತಿಲ ಹೊರಗೇ ನಿಂತು, "ಕರೀಲಾರದ ಬರೋದನ್ನ ನೀ ಕುರ್ಚಿ ಹಾಕಿ ಕರೀಲಿಕ್ಕತ್ತೀ" ಎಂದಿದ್ದರು. ನಾನು ನಕ್ಕಿದ್ದೆ. ಅಂದಿನಿಂದ ಅವರು ಆ ಕೋಣೆಯೊಳಗೆ ಕಾಲಿಟ್ಟಿರಲಿಲ್ಲ. ಹೊರಗೆ ಹೋಗಬೇಕಾದರೂ ಹಿತ್ತಲ ಬಾಗಿಲಿನಿಂದ ಸುತ್ತಿ ಹೋಗುತ್ತಿದ್ದರು.

ನಮ್ಮಲ್ಲಿ ಪುಸ್ತಕ ಒಯ್ಯುವ ಪದ್ಧತಿ ಸರಳ. ಬರೆದುಕೊಳ್ಳುವ ಗೋಜಿಲ್ಲ. ಪ್ರತಿಯೊಬ್ಬರಿಗೂ ಅವರ ಹೆಸರು ಬರೆದ ಒಂದು ಸಣ್ಣ ಹಲಗೆ. ಪುಸ್ತಕ ತೆಗೆದ ಜಾಗದಲ್ಲಿ ಹಲಗೆಯನ್ನು ನಿಲ್ಲಿಸಿ ಹೋದರಾಯಿತು. ನನ್ನ ಹೆಸರಿನದೂ ಒಂದು ಇದೆ, ಮೊಳೆಗೆ ತೂಗುಹಾಕಿದ್ದು. ಏಪ್ರಿಲಿನಲ್ಲಿ ಒಂದು ಬೆಳಿಗ್ಗೆ ಕಸ ಹೊಡೆಯುವಾಗ ಅದು ಮೊಳೆಯ ಮೇಲೆ ಇರಲಿಲ್ಲ. ನಡುವಿನ ಸಾಲಿನಲ್ಲಿ, ಆಸ್ಪತ್ರೆಯ ಪುಸ್ತಕಗಳ ನಡುವೆ ನಿಂತಿತ್ತು. ನಾನೇ ತೆಗೆದು ಮರೆತಿರಬೇಕೆಂದು ಸುಮ್ಮನಾದೆ. ಎರಡು ದಿನ ಬಿಟ್ಟು ಪುಸ್ತಕ ತನ್ನ ಜಾಗದಲ್ಲಿತ್ತು, ಹಲಗೆ ಮೊಳೆಯ ಮೇಲಿತ್ತು. ಆಮೇಲೆ ದೊಡ್ಡವರ ಕಡೆಯದೊಂದು ಹೋಯಿತು, ಮನೆಯಲ್ಲಿ ಹಾಸಿಗೆ ಹಿಡಿದವರ ಆರೈಕೆಯದು. ಅದರ ಜಾಗದಲ್ಲೂ ವೃಂದಾ. ಕಳೆದ ವಾರ ಬಗ್ಗಿ ಒರೆಸುತ್ತಿದ್ದೇನೆ, ನನ್ನ ಹೆಸರು ಕೆಳಗಿನ ಸಾಲಿಗೆ ಇಳಿದಿತ್ತು.

ಅಕ್ಕಾ, ನಾನು ಅಂಜುಬುರುಕಿಯಲ್ಲ, ನಿನಗೆ ಗೊತ್ತು. ಆದರೆ ಸಾವಿನ ಪುಸ್ತಕಗಳ ನಡುವೆ ನನ್ನದೇ ಅಕ್ಷರದಲ್ಲಿ ನನ್ನ ಹೆಸರು ನಿಂತದ್ದು ಕಂಡು ಒರೆಸುವುದನ್ನು ಬಿಟ್ಟು ಅಲ್ಲೇ ಕೂತೆ. ಅಲ್ಲಿ ಒಂದೇ ಮಾಲೆಯ ತೆಳ್ಳಗಿನ ಎರಡು ಚಿತ್ರಪುಸ್ತಕ ಜೋಡಿಯಾಗಿದ್ದವು, ಅಪ್ಪನನ್ನು ಕಳೆದುಕೊಂಡ ಮಗುವಿನದು ಒಂದು, ಅಮ್ಮನನ್ನು ಕಳೆದುಕೊಂಡ ಮಗುವಿನದು ಒಂದು. ಹೋದದ್ದು ಅಪ್ಪನದು. ಯೋಚಿಸಿದಾಗ ಅರ್ಥವಾಯಿತು. ಮನೆಯವರಿಗೆ ಬೇರೆ ಹಲಗೆ ಇಲ್ಲ. ಮನೆಯೊಳಗಿನವರು ಯಾರು ಪುಸ್ತಕ ಒಯ್ದರೂ ನನ್ನದನ್ನೇ ಇಡಬೇಕು. ಹಾಗಾದರೆ ಒಯ್ಯುತ್ತಿರುವವರು ನಮ್ಮವರೇ.

ಯಾರೆಂದು ಮರುದಿನ ಮಧ್ಯಾಹ್ನ ತಿಳಿಯಿತು. ನನಗೆ ಈಗ ಮಧ್ಯಾಹ್ನ ನಿದ್ದೆ ಬೇಕೇಬೇಕು, ಶಕ್ತಿಯ ಗುಳಿಗೆಗಳೇ ಹಾಗೆ ಎಂದು ನೀನೇ ಹೇಳಿದ್ದೆಯಲ್ಲ. ಎಚ್ಚರವಾದಾಗ ಮಹಡಿಯ ಮೇಲಿಂದ ಸಾವಿನ ಮನೆಯ ಪುರಾಣ ಓದುವ ದನಿ ಬರುತ್ತಿತ್ತು. ಅದೇ ಏಳುಬೀಳು, ಅದೇ ಎಳೆತ. ಯಾರ ಮನೆಯಲ್ಲಿ ಯಾರು ಹೋದರೋ ಎಂದು ಗಾಬರಿಯಾಗಿ ಮೆಟ್ಟಿಲು ಹತ್ತಿದೆ. ಕೋಣೆಯಲ್ಲಿ ಅತ್ತೆಯವರು ಕಾಲು ಚಾಚಿ ಕೂತಿದ್ದರು, ಅವರ ತೊಡೆಗೆ ಒರಗಿ ಮಾನಸಿ. ಓದುತ್ತಿದ್ದುದು ನನ್ನ ಚಿತ್ರಪುಸ್ತಕ. ಆ ಕೋಣೆಯ ಗಾಳಿಯೂ ಬೇಡವೆನ್ನುತ್ತಿದ್ದವರು ಒಂದೊಂದು ಸಾಲನ್ನೂ ರಾಗವಾಗಿ ಓದಿ ನಿಲ್ಲಿಸುತ್ತಿದ್ದರು, ನನ್ನ ಏಳು ವರ್ಷದ ಮಗಳು ಮಂತ್ರದಂತೆ ತಿರುಗಿ ಹೇಳುತ್ತಿದ್ದಳು. ಆ ಎಳೆತದಲ್ಲಿ ಪದಗಳು ಬಿಡಿಸಿ ತಿಳಿಯುತ್ತಿರಲಿಲ್ಲ. ನನ್ನನ್ನು ಕಂಡದ್ದೇ ಅತ್ತೆಯವರು ಪುಸ್ತಕದ ಮೇಲೆ ಸೆರಗು ಎಳೆದುಕೊಂಡು, ಮಗುವಿಗೆ ಶ್ಲೋಕ ಕಲಿಸುತ್ತಿದ್ದೇನೆ ಎಂದರು. ಎಪ್ಪತ್ತಾರು ವರ್ಷದ ಮಡಿ ಹೆಂಗಸು ನನಗೆ ಸುಳ್ಳು ಹೇಳಿದ್ದು ಅದೇ ಮೊದಲು.

ಅಂದಿನಿಂದ ಈ ಮನೆ ನನಗೆ ಬೇರೆಯಾಗಿ ಕಾಣುತ್ತಿದೆ. ನಾನು ಒಂದು ಕೋಣೆಗೆ ಹೋದರೆ ಅಲ್ಲಿಯ ಮಾತು ನಿಲ್ಲುತ್ತದೆ, ಹೊರಬಿದ್ದರೆ ಮತ್ತೆ ಮೆಲ್ಲಗೆ ಶುರುವಾಗುತ್ತದೆ. ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುವಾಗ ಹಿಂದೆ ಬಾಗಿಲಲ್ಲಿ ಮೂವರಲ್ಲಿ ಒಬ್ಬರು ನಿಂತು ನೋಡುತ್ತಿರುತ್ತಾರೆ, ತಿರುಗಿದರೆ ಇರುವುದಿಲ್ಲ. ಮಾನಸಿ ತನ್ನ ಜಡೆ ತಾನೇ ಹೆಣೆದುಕೊಳ್ಳುತ್ತಾಳೆ. ಸೊಟ್ಟಗಾದರೂ ನನಗೆ ಮುಟ್ಟಗೊಡುವುದಿಲ್ಲ. ಒಂದು ಸಂಜೆ ಅವಳು ಕಾಣದೆ ಹುಡುಕಿದರೆ ನನ್ನ ಸೀರೆಯ ಕಪಾಟಿನೊಳಗೆ ಕತ್ತಲಲ್ಲಿ ಕೂತಿದ್ದಳು, ಮುಖಕ್ಕೆ ನನ್ನ ಹಳೆಯ ಇಳಕಲ್ ಸೀರೆ ಒತ್ತಿಕೊಂಡು. ಮೊನ್ನೆ ಮಧ್ಯಾಹ್ನದ ಅರೆನಿದ್ದೆಯಲ್ಲಿ ನನ್ನ ಮುಖದ ಮೇಲೆ ಏನೋ ಹರಿದಾಡಿತು. ಕಣ್ಣು ಕಿರಿದು ಮಾಡಿ ನೋಡಿದೆ. ಮಗಳು ತನ್ನ ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಬೆರಳಿನಿಂದ ನನ್ನ ಹುಬ್ಬು, ಮೂಗು, ತುಟಿ, ಕಿವಿಯ ಹಿಂದಿನ ಮಚ್ಚೆಯನ್ನು ಮುಟ್ಟುತ್ತಿದ್ದಳು. ಪಾಠ ಒಪ್ಪಿಸುವವರ ಹಾಗೆ ಬಾಯಲ್ಲಿ ಒಂದೊಂದರ ಹೆಸರು. ನಾನು ನಿದ್ದೆ ನಟಿಸಿ ಮಲಗಿದೆ. ಹೆತ್ತ ಮಗಳ ಬೆರಳಿಗೆ ಹೆದರಿದೆ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹೆದರಿದೆ.

ಮಿಲಿಂದರದು ಇನ್ನೊಂದು ಬಗೆ. ಮದುವೆಯಾದ ಮೇಲೆ ಒಲೆ ಹಚ್ಚದ ಮನುಷ್ಯ, ಈಗ ನನ್ನ ಪಕ್ಕ ನಿಂತು ಹುಳಿಗೆ ಬೆಲ್ಲ ಯಾವಾಗ ಹಾಕುವುದು, ಮಾನಸಿಯ ಡಬ್ಬಿಗೆ ಚಪಾತಿ ಹೇಗೆ ಸುತ್ತುವುದು ಎಂದು ಕೇಳುತ್ತಾರೆ. ಅವರ ಕಣ್ಣ ಕೆಳಗೆ ಕಪ್ಪಾಗಿದೆ, ಊಟ ಸೇರುವುದಿಲ್ಲ. ರಾತ್ರಿ ಎದ್ದು ಕೂಡುತ್ತಾರೆ. ತಾನು ಮಲಗಿದರೆ ಮನೆ ನಡೆಯಲಿ ಎಂದು ಎಲ್ಲರನ್ನೂ ಸಜ್ಜುಗೊಳಿಸುತ್ತಿದ್ದಾರೆ, ಅಷ್ಟೇ. ನಾನು ಕುರುಡಿಯಲ್ಲ. ಶುಕ್ರವಾರ ಎದುರಿಗೆ ಕೂರಿಸಿಕೊಂಡು, ನಿಮಗೇನಾಗಿದೆ, ಹೇಳಿರಿ, ನಾನು ತಡೆದುಕೊಳ್ಳುತ್ತೇನೆ ಎಂದೆ. ಅವರು ನನ್ನನ್ನು ನೋಡಿದರು. ನಕ್ಕರು. "ನನಗೇನೂ ಆಗಿಲ್ಲ, ವೃಂದಾ. ದೇವರಾಣಿ, ನನಗೇನೂ ಆಗಿಲ್ಲ" ಎಂದರು. ಆಮೇಲೆ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡರು. ಬಕೆಟ್ಟು ತುಂಬಿ ಹರಿದರೂ ನಲ್ಲಿ ನಿಲ್ಲಲಿಲ್ಲ.

ನನ್ನ ಬಗ್ಗೆ ಚಿಂತೆ ಬೇಡ. ನಾನು ಚೆನ್ನಾಗಿದ್ದೇನೆ. ಗಡ್ಡೆ ತೆಗೆದ ಗಾಯ ಒಣಗಿದೆ. ತೂಕ ಇಳಿದದ್ದು ಒಳ್ಳೆಯದೇ ಆಯಿತು, ಮದುವೆಯ ಕಾಲದ ರವಿಕೆಗಳು ಹಿಡಿಸುತ್ತಿವೆ. ಬಳೆ ಮಾತ್ರ ಪಾತ್ರೆ ತೊಳೆಯುವಾಗ ಜಾರಿ ಬೀಳುತ್ತವೆ. ಫೆಬ್ರವರಿಯಲ್ಲಿ ಆಪರೇಶನ್ ಆದ ದಿನ ಡಾಕ್ಟರರು ನಿನ್ನನ್ನೂ ಮಿಲಿಂದರನ್ನೂ ಒಳಗೆ ಕರೆದು ಬಹಳ ಹೊತ್ತು ಮಾತಾಡಿದರು, ನಾನು ಹಾಸಿಗೆಯ ಮೇಲೆ ಎಳನೀರು ಕುಡಿಯುತ್ತಿದ್ದೆ. ಹೊರಗೆ ಬಂದು ನೀನು "ಸಾದಾ ಗಡ್ಡಿ ಇತ್ತು, ತಗದು ಒಗದಾರ" ಎಂದೆ. ನನಗನ್ನಿಸುತ್ತದೆ, ಅಂದು ಆ ಕೋಣೆಯಲ್ಲೇ ಮಿಲಿಂದರು ತಮ್ಮ ಕಾಯಿಲೆಯ ವಿಷಯವನ್ನೂ ತೆಗೆದಿರಬೇಕು. ಅಂದಿನಿಂದಲೇ ಅವರ ಮುಖ ಬದಲಾದದ್ದು. ನಾನು ಆಗ ಬಾಣಂತಿಯ ಹಾಗೆ ಮಲಗಿದ್ದೆ, ಹೇಳಬಾರದೆಂದು ನೀವು ತೀರ್ಮಾನಿಸಿದಿರಿ. ಸರಿ. ಈಗ ಹೇಳು.

ಓದುಕೋಣೆಗೆ ಬರುವ ತಾಯಂದಿರಿಗೆ ನಾನು ಒಂದೇ ಮಾತು ಸಾರಿ ಹೇಳುವವಳು. ಮಕ್ಕಳಿಂದ ಏನನ್ನೂ ಮುಚ್ಚಿಡಬೇಡಿ, ಮುಚ್ಚಿಟ್ಟದ್ದು ದೆವ್ವವಾಗುತ್ತದೆ, ಹೇಳಿದ್ದು ಬರೀ ದುಃಖವಾಗುತ್ತದೆ ಎಂದು. ಗೋಡೆಯ ಮೇಲೂ ಅದನ್ನೇ ಬರೆದು ಅಂಟಿಸಿದ್ದೇನೆ. ಅದಕ್ಕೇ ನಿರ್ಧಾರ ಮಾಡಿದ್ದೇನೆ. ಅತ್ತೆಯವರು ಕದ್ದು ಓದಿಸುವುದು ಬೇಡ. ಅಪ್ಪನ ಪುಸ್ತಕವನ್ನು ನಾನೇ ಮಾನಸಿಯನ್ನು ಕೂರಿಸಿಕೊಂಡು ಓದುತ್ತೇನೆ. ಅಷ್ಟರೊಳಗೆ ನಿನ್ನ ಉತ್ತರ ಬಂದರೆ ನನಗೆ ಧೈರ್ಯ. ಮಿಲಿಂದರಿಗೆ ಎಷ್ಟು ಕಾಲವಿದೆ ಎಂದು ಡಾಕ್ಟರರು ಹೇಳಿದ್ದನ್ನು ಹಾಗೇ ಬರೆ. ನಾನು ಎಲ್ಲವನ್ನೂ ನಿಭಾಯಿಸುತ್ತೇನೆ, ನಾನಿದ್ದೇನಲ್ಲ.

ನಿನ್ನ ತಂಗಿ,
ವೃಂದಾ

ತಾ.ಕ.: ಗುರುವಾರ. ಪತ್ರ ಅಂಚೆಗೆ ಹಾಕಲಾಗಲಿಲ್ಲ, ಎರಡು ದಿನ ಜ್ವರ. ಇಂದು ಎದ್ದು ಓದುಕೋಣೆಗೆ ಹೋದೆ. ಕೆಳಗಿನ ಸಾಲಿನಲ್ಲಿ ನನ್ನ ಹಲಗೆ ಇನ್ನೂ ನಿಂತಿತ್ತು. ಅದರ ಪಕ್ಕದಲ್ಲಿ ಉಳಿದ ಒಂದನ್ನು ಎಳೆದರೆ ಕೈಗೆ ಬಂದದ್ದು ಅಪ್ಪನ ಪುಸ್ತಕ. ನಂಬುತ್ತೀಯೋ ಇಲ್ಲವೋ, ಬೇಕಾದದ್ದೇ ಸಿಕ್ಕಿತೆಂದು ಖುಷಿಪಟ್ಟೆ. ದೀಪದ ಬುಡದಲ್ಲಿ ಕತ್ತಲೆ ಎಂದರೆ ಇದೇ. ಕಳೆದ ವಾರವೇ ಉಳಿದದ್ದನ್ನು ಎಳೆದು ನೋಡಬಹುದಿತ್ತು. ಬೆನ್ನಿನ ಮೇಲೆ ಹೆಸರಿಲ್ಲದಷ್ಟು ತೆಳ್ಳಗಿನ ಪುಸ್ತಕ, ಒಳಗೆ ನೋಡದೆ ಹೋದದ್ದು ಅಪ್ಪನದು ಎಂದು ನಿನಗೆ ಬರೆದುಬಿಟ್ಟಿದ್ದೆ.

ಮಾನಸಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಶುರುಮಾಡಿದೆ. ಅವಳು ಎರಡು ಪುಟ ಸುಮ್ಮನೆ ಕೇಳಿದಳು. ಆಮೇಲೆ ನನ್ನ ಕೈಯ ಮೇಲೆ ಕೈಯಿಟ್ಟು, ತಪ್ಪು ಮಾಡಿದ ಸಣ್ಣವರಿಗೆ ಹೇಳುವ ಹಾಗೆ ಮೆಲ್ಲಗೆ ಹೇಳಿದಳು: "ಅಮ್ಮಾ, ಇದು ಅಪ್ಪಂದು. ನಾನೂ ಅಜ್ಜೀನೂ ಓದ್ಲಿಕ್ಕತ್ತಿದ್ದು ಇದಲ್ಲ."

ನೀವೆಲ್ಲ ನನ್ನ ಉಪದೇಶವನ್ನು ಚಾಚೂ ತಪ್ಪದೆ ಪಾಲಿಸಿದ್ದೀರಿ, ಅಕ್ಕಾ. ಮಗುವಿಗೆ ಹೇಳಿದ್ದೀರಿ. ದೊಡ್ಡವರಿಗೂ ಹೇಳಬೇಕು ಎಂದು ಗೋಡೆಯ ಮೇಲೆ ಬರೆಯುವುದು ನನಗೆ ಹೊಳೆದಿರಲಿಲ್ಲ. ಕೋಪ ಬಂದಿದೆ, ಬಹಳ ಬಂದಿದೆ. ಅದಕ್ಕಿಂತ ಹೆಚ್ಚು ಭಯವಾಗಿದೆ. ಅಳುವುದನ್ನು ನೀನು ಬಂದ ಮೇಲೆ ಅತ್ತರಾಯಿತು ಎಂದು ತಡೆದಿಟ್ಟಿದ್ದೇನೆ.

ಮಾನಸಿಗೆ ಆ ಇನ್ನೊಂದು, ಅಮ್ಮನ ಪುಸ್ತಕ ತಾ ಎಂದೆ. ಅಜ್ಜಿಯ ಹಾಸಿಗೆಯ ಕೆಳಗಿನಿಂದ ತಂದಳು. ಅರ್ಧ ಮುಗಿದಿದೆಯಂತೆ. ಉಳಿದದ್ದನ್ನು ನಾನು ಓದಲೇ ಎಂದು ಕೇಳಿದೆ. ಸ್ವಲ್ಪ ಯೋಚಿಸಿ ಒಪ್ಪಿದಳು, ಅಜ್ಜಿಯ ಹಾಗೆ ರಾಗ ಮಾಡಿ ಓದಬಾರದು ಎಂಬ ಷರತ್ತಿನ ಮೇಲೆ. ದಿನಕ್ಕೆ ಒಂದೇ ಪುಟ ಓದುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ. ಓದಿದ ಮೇಲೆ ತಾನಾಗಿಯೇ ಬಂದು ಬೆನ್ನು ತಿರುಗಿಸಿ ಕೂತಳು, ಜಡೆ ಹಾಕಿದೆ.

ನೀನು ಬಾ. ಬರುವಾಗ ಆ ಫೆಬ್ರವರಿಯ ನನ್ನ ರಿಪೋರ್ಟು ತೆಗೆದುಕೊಂಡು ಬಾ. ಏಳು ವರ್ಷದವಳಿಗೆ ಗೊತ್ತಿರುವಷ್ಟು ನನಗೂ ಗೊತ್ತಾಗಲಿ.