ನೀಲಿ ನೋಟು, ಅರಿಶಿನದ ಗಂಟು

ಹಿರೇನಲ್ಲೂರು
14 ನವೆಂಬರ್ 2025

ಪ್ರೀತಿಯ ಶಾರದಾ,

ನಾವಿಬ್ಬರೂ ಹೋದ ಹಾಗೆಯೇ ಕೈಕಾಲು ನೆಟ್ಟಗೆ ಇಟ್ಟುಕೊಂಡು ಮಲೇಷ್ಯಾದಿಂದ ವಾಪಸ್ಸು ಬಂದಿದ್ದೇವೆ. ಬಂದು ಎರಡು ವಾರವಾದರೂ ಒಂದು ಸಾಲು ಬರೆಯಲಿಲ್ಲವೆಂದು ಬೈದುಕೊಳ್ಳುತ್ತಿರುತ್ತೀಯ. ಬೈದುಕೋ, ತಪ್ಪು ನನ್ನದೇ. ಫೋನ್ ಮಾಡೋಣವೆಂದರೆ ನಿನ್ನ ಕಿವಿಗೆ ಕೇಳುವಂತೆ ಕೂಗುವಷ್ಟರಲ್ಲಿ ನಮ್ಮ ಬೀದಿಗೆಲ್ಲ ಸುದ್ದಿ ಮುಟ್ಟಿರುತ್ತದೆ. ನಿನ್ನ ಸೊಸೆ ಶರಣ್ಯಾಳ ಮೊಬೈಲಿಗೆ ಫೋಟೊ ಕಳಿಸಿದ್ದೆ, ನೋಡಿರಬೇಕು. ಆದರೆ ನೀನು ಕಾಯುತ್ತಿರುವುದು ಫೋಟೊಗಲ್ಲ, ಹುಂಡಿಗೆ ಹಾಕು ಎಂದು ಕೊಟ್ಟೆಯಲ್ಲ, ಆ ಅರಿಶಿನದ ಗಂಟಿನ ಸುದ್ದಿಗೆ. ಅದು ನನಗೆ ಗೊತ್ತು. ಅಲ್ಲಿಗೇ ಬರುತ್ತೇನೆ, ಸ್ವಲ್ಪ ತಾಳು.

ತೆಂಗು ಬೆಳೆಯುವವರೆಲ್ಲ ಸೇರಿ ಹೊರಟ ಪ್ರವಾಸ ಅದು. ಕರೆದುಕೊಂಡು ಹೋದವನು ದೇವನೂರಿನ ಭೈರೇಶ. ಅಲ್ಲಿ ನಡೆಯುವುದು ರಿಂಗಿಟ್ ಎಂಬ ದುಡ್ಡು, ಒಂದಕ್ಕೆ ನಮ್ಮ ಇಪ್ಪತ್ತು ರೂಪಾಯಿಯ ಮೇಲೆ. ವಿಮಾನ ನಿಲ್ದಾಣದಲ್ಲಿ ಬದಲಾಯಿಸಿದರೆ ತಲೆ ಬೋಳಿಸುತ್ತಾರೆ ಎಂದು ಮಗಳು ನಿಖಿತಾ ಮೊದಲೇ ಒಂದು ಕಾರ್ಡಿಗೆ ದುಡ್ಡು ತುಂಬಿಸಿ, ಕೈಖರ್ಚಿಗೆ ಒಂದಿಷ್ಟು ನೋಟು ತರಿಸಿಕೊಟ್ಟಳು. ನಮ್ಮವರದು ಗುಂಡಿ ಒತ್ತುವ ಫೋನು, ಕಾರ್ಡಿನ ಆಪ್ ಅದರಲ್ಲಿ ನಡೆಯುವುದಿಲ್ಲ. ಹಾಗಾಗಿ ಕಾರ್ಡು ನನ್ನ ಹೆಸರಿಗೇ ಆಯಿತು. ಇಷ್ಟು ವರ್ಷದ ಸಂಸಾರದಲ್ಲಿ ಸಂತೆಗೆ ಹೋಗಬೇಕಾದರೂ ಇವರ ಜೇಬಿನ ಕಡೆ ನೋಡುತ್ತಿದ್ದವಳು ನಾನು. ಅಲ್ಲಿ ಇವರು ನನ್ನ ಕೈಚೀಲದ ಕಡೆ ನೋಡುತ್ತಿದ್ದರು. ಸುಳ್ಳು ಯಾಕೆ ಹೇಳಲಿ, ನನಗೆ ಬಹಳ ಖುಷಿಯಾಯಿತು.

ಮೊದಲ ದಿನ ಇವರು ಎಳನೀರು ಕುಡಿಯಬೇಕೆಂದು ಕೇಳಿದರು. ಎಂಟು ರಿಂಗಿಟ್. ನಮ್ಮ ಲೆಕ್ಕಕ್ಕೆ ನೂರೆಪ್ಪತ್ತು ರೂಪಾಯಿ ಎಂದು ಗೊತ್ತಾದ ಮೇಲೆ ಕಾಯನ್ನು ತಿರುಗಿಸಿ ತಿರುಗಿಸಿ ನೋಡಿದರು. ನಮ್ಮ ತೋಟದಲ್ಲಿ ಮೂವತ್ತೈದಕ್ಕೆ ಎಣಿಸಿಕೊಡುತ್ತೇವಲ್ಲ, ಅದಕ್ಕಿಂತ ಸಣ್ಣ ಕಾಯಿ. ಕುಡಿದು, ಗಂಜಿ ತೆಗೆಸಿ ತಿಂದು, ಬುರುಡೆಯನ್ನೂ ಕೇಳುತ್ತಿದ್ದರೋ ಏನೋ, ನಾನು ಎಳೆದುಕೊಂಡು ಬಂದೆ. ಅಲ್ಲಿ ಚೌಕಾಸಿಗೆ ಭಾಷೆ ಬೇಕಿಲ್ಲ. ಅಂಗಡಿಯವರು ಕ್ಯಾಲ್ಕುಲೇಟರಿನಲ್ಲಿ ಬೆಲೆ ಒತ್ತಿ ತೋರಿಸುತ್ತಾರೆ, ನಾವು ನಮ್ಮ ಬೆಲೆ ಒತ್ತಿ ತೋರಿಸಿದರಾಯಿತು. ಎರಡೇ ದಿನಕ್ಕೆ ನಾನು ಅದರಲ್ಲಿ ಪಳಗಿಬಿಟ್ಟೆ.

ಪಂಚಾಯಿತಿ ಶುರುವಾದದ್ದು ಚಿಲ್ಲರೆಯಿಂದ. ಯಾರಾದರೂ ಕ್ಷೇತ್ರಕ್ಕೆ ಹೊರಟರೆ ಹುಂಡಿಗೆ ಹಾಕಿ ಎಂದು ಕೇರಿಯವರು ಒಂದೊಂದು ಕಾಸು ಕೈಗಿಡುವುದು ನಮ್ಮಲ್ಲಿ ಇದ್ದದ್ದೇ. ಅಲ್ಲಿ ಗುಹೆಯೊಳಗೆ ಸುಬ್ರಹ್ಮಣ್ಯಸ್ವಾಮಿ ಇದ್ದಾನೆ ಎಂದು ಹೇಗೋ ಸುದ್ದಿಯಾಗಿ, ಎದುರು ಮನೆಯ ಹನುಮಂತಮ್ಮನಿಂದ ಹಿಡಿದು ಎಲ್ಲರೂ ರೂಪಾಯಿ, ಎರಡು ರೂಪಾಯಿ ತಂದುಕೊಟ್ಟರು. ಒಂದು ಚೀಲ ತುಂಬಿತು. ನೋಟು ಬದಲಾಯಿಸುವ ಅಂಗಡಿಯಲ್ಲಿ ಆ ಚೀಲ ಸುರಿದರೆ, ಅಲ್ಲಿದ್ದ ತಮಿಳಿನವನು ಕೈಮುಗಿದು, ನೋಟಾದರೆ ತೆಗೆದುಕೊಳ್ಳುತ್ತೇನೆ, ನಾಣ್ಯ ಯಾವ ದೇಶದ್ದನ್ನೂ ತೆಗೆದುಕೊಳ್ಳುವುದಿಲ್ಲ ಎಂದ. ಹಾಗೇ ಹುಂಡಿಗೆ ಸುರಿದುಬಿಡು, ದೇವರಿಗೆ ಎಲ್ಲ ದುಡ್ಡೂ ಒಂದೇ ಎಂದು ಇವರ ಉಪದೇಶ.

"ಚಲಾವಣೆ ಆಗ್ದಿರೋ ದುಡ್ಡು ದೇವ್ರಿಗೆ ಹಾಕ್ತಾರೇನ್ರೀ? ಕಾಯಿ ಮಂಡೀಲಿ ನಿಮ್ಗೆ ಯಾರಾದ್ರೂ ಹಂಗ್ ಕೊಟ್ರೆ ಸುಮ್ನಿರ್ತಿದ್ರಾ?" ಎಂದೆ.

ಕೊನೆಗೆ ನಾನೇ ಒಂದು ತೀರ್ಮಾನ ಮಾಡಿದೆ. ಒಬ್ಬೊಬ್ಬರ ಹೆಸರಿಗೂ ನನ್ನ ಕೈಯಿಂದ ಒಂದೊಂದು ರಿಂಗಿಟ್. ಒಂದು ರಿಂಗಿಟ್ಟಿನ ನೋಟು ನೀಲಿ, ಪ್ಲಾಸ್ಟಿಕ್ಕಿನ ಹಾಗೆ ನುಣ್ಣಗಿರುತ್ತದೆ. ಅವನ್ನೇ ಕೇಳಿ ಈಸಿಕೊಂಡೆ.

ನಿನ್ನ ಗಂಟಿಗೆ ಮಾತ್ರ ಈ ಲೆಕ್ಕ ಹಾಕುವಂತಿರಲಿಲ್ಲ. ಹೊರಡುವ ಮುಂಚೆ ತರೀಕೆರೆಗೆ ಬಂದಾಗ ನೀನು ನನ್ನ ಕೈ ಹಿಡಿದು, "ಇದನ್ನ ಬಿಚ್ಚಬೇಡ ಕಣೇ, ಯಾವ ಹರಕೆ ಅಂತ ಕೇಳಬೇಡ, ಹಾಗೇ ಹಾಕಿ ಬಾ" ಅಂದಿದ್ದೆ. ನಿನ್ನ ಮುಖ ನೋಡಿ ನಾನೂ ಕೇಳಲಿಲ್ಲ. ಬಟ್ಟೆಯ ಮೇಲಿಂದ ಮುಟ್ಟಿದರೆ ಹಳೆಯ ಕಾಲದ ದಪ್ಪ ರೂಪಾಯಿ ಎಂದು ತಿಳಿಯುತ್ತಿತ್ತು. ಅದನ್ನು ಹೇಗಿದೆಯೋ ಹಾಗೇ ದೇವರಿಗೆ ಮುಟ್ಟಿಸುತ್ತೇನೆ, ಆ ಒಂದಕ್ಕೆ ಅವನೇ ಕ್ಷಮಿಸಲಿ ಎಂದುಕೊಂಡೆ.

ಮೆಟ್ಟಿಲು ಹತ್ತುವಾಗ ಮಳೆ ಹೊಡೆಯಿತು. ನನ್ನ ಕೈಚೀಲವೆಲ್ಲ ನೆನೆದು, ನಿನ್ನ ಗಂಟಿನ ಅರಿಶಿನ ಬಿಟ್ಟುಕೊಂಡು ನೀಲಿ ನೋಟುಗಳಿಗೆಲ್ಲ ಮೆತ್ತಿಕೊಂಡಿತು. ಸೆರಗಿನಲ್ಲಿ ಒರೆಸಿದರೆ ನೋಟು ಹೊಸದರ ಹಾಗಾಯಿತು, ಸೆರಗು ಹೋಯಿತು. ಹುಂಡಿಯ ಮುಂದೆ ನಿಂತು ಒಬ್ಬೊಬ್ಬರ ಹೆಸರನ್ನೂ ಹೇಳಿ ಒಂದೊಂದು ನೋಟು ಹಾಕಿದೆ.

ಕೊನೆಯ ದಿನ ಭೈರೇಶ ಎಲ್ಲರನ್ನೂ ಕೂರಿಸಿ, ಉಳಿದ ದುಡ್ಡು ವಾಪಸ್ಸು ಮಾಡಿಸಿದರೆ ನಷ್ಟ, ಇಲ್ಲೇ ಮುಗಿಸಿ ಎಂದ. ಹೆಂಗಸರೆಲ್ಲ ಚಾಕೊಲೇಟಿನ ಅಂಗಡಿಗೆ ನುಗ್ಗಿದರು. ನಾನು ಉಳಿದ ನೋಟುಗಳನ್ನೆಲ್ಲ ಕೊಟ್ಟು ಒಂದು ಅಂಗಿ ಕೊಂಡೆ. ನೀಲಿ ಹೂವಿನ ಬಾಟಿಕ್ ಅಂಗಿ. ಇವರಿಗೆ ಹೊಟ್ಟೆಯ ಹತ್ತಿರ ಗುಂಡಿ ಸೇರುವುದಿಲ್ಲ. ಕಾಸು ಕಾಸಿಗೂ ಲೆಕ್ಕ ಕೇಳುವ ಮನುಷ್ಯ, ಇದನ್ನು ಯಾಕೆ ತಂದೆ ಎಂದು ಇವತ್ತಿನವರೆಗೂ ಕೇಳಿಲ್ಲ.

ಊರಿಗೆ ಬಂದು ಚಿಲ್ಲರೆ ಹಿಂದಕ್ಕೆ ಕೊಡಲು ಹೋದರೆ ಇನ್ನೊಂದು ಪಂಚಾಯಿತಿ. "ನನ್ ದುಡ್ಡು ನಂಗೇ ಕೊಟ್ಬಿಟ್ರೆ ಪುಣ್ಯ ಯಾರ್ದಾಯ್ತು?" ಎಂದು ಹನುಮಂತಮ್ಮ ಬಾಗಿಲಲ್ಲೇ ತಡೆದಳು. ಯಾರೂ ವಾಪಸ್ಸು ಮುಟ್ಟಲಿಲ್ಲ. ಚೀಲ ಈಗ ನಮ್ಮ ಅಡುಗೆಮನೆಯಲ್ಲಿದೆ, ಹಾಲಿನವನಿಗೆ ಚಿಲ್ಲರೆ ಕೊಡಲು ಬಹಳ ಅನುಕೂಲವಾಗಿದೆ.

ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸು. ಅವರ ಮಂಡಿನೋವಿಗೆ ಒಂದು ಎಣ್ಣೆ ತಂದಿದ್ದೇನೆ. ಶರಣ್ಯಾ, ಮುರಳೀಕೃಷ್ಣ ಚೆನ್ನಾಗಿರಲಿ, ನಿನ್ನ ಮನೆ ತಣ್ಣಗಿರಲಿ. ಕಾಯಿ ಕೀಳಿಸುವುದು ಮುಗಿದ ಕೂಡಲೇ ಬರುತ್ತೇನೆ.

ನಿನ್ನ
ಕಮಲಾಕ್ಷಿ

ತಾ.ಕ.: ನಿನ್ನ ಗಂಟನ್ನು ಹುಂಡಿಗೆ ಹಾಕಲಿಲ್ಲ ಶಾರದಾ. ಅರಿಶಿನ ತೊಳೆದುಹೋದ ಮೇಲೆ ಬಟ್ಟೆಯಲ್ಲಿ ನೀಲಿ ಹೂವು ಕಂಡವು. ನನ್ನ ಅಭಿಲಾಷನ ನಾಮಕರಣಕ್ಕೆ ನಾನೇ ಕೂತು ಹೊಲಿದ ಅಂಗಿಯ ಬಟ್ಟೆ, ನನಗೆ ಗುರುತು ಸಿಗದೆ ಇರುತ್ತದೆಯೇ? ಅಜ್ಜಂಪುರದ ವಠಾರದಲ್ಲಿ ನಾವು ಅಕ್ಕಪಕ್ಕ ಇದ್ದಾಗ, ಮಗುವಿಗೆ ಜ್ವರ ಏರಿ ನಾನು ಆಸ್ಪತ್ರೆಯಲ್ಲಿ ಕೂತಿದ್ದರೆ ನೀನು ಅವನ ಅಂಗಿಯ ಚೂರು ಹರಿದು ಸುಬ್ರಹ್ಮಣ್ಯನಿಗೆ ಮುಡಿಪು ಕಟ್ಟಿದ್ದೆಯಾ? ಮಗು ಉಳಿಯಲಿಲ್ಲ. ಅದನ್ನು ದೇವರಿಗೆ ಹಾಕಲೂ ಆಗದೆ ಬಿಚ್ಚಲೂ ಆಗದೆ, ಅರಿಶಿನದ ಮೇಲೆ ಅರಿಶಿನ ಹಚ್ಚಿಕೊಂಡು ಇಷ್ಟು ವರ್ಷ ಇಟ್ಟುಕೊಂಡಿದ್ದೀಯ. ನನ್ನೆದುರು ಅವನ ಹೆಸರನ್ನೂ ಎತ್ತಲಿಲ್ಲ.

ಆ ದೇವರು ಹುಡುಗನನ್ನು ಉಳಿಸಿದ್ದರೆ ಆ ರೂಪಾಯಿ ದೇವರದು. ಉಳಿಸಲಿಲ್ಲ, ನಾನು ಕೊಡುವುದಿಲ್ಲ. ನೀನು ಹೊತ್ತದ್ದು ಸಾಕು, ಗಂಟು ಇನ್ನು ನನ್ನ ಹತ್ತಿರ ಇರಲಿ.

ಆ ಅಂಗಿ ಇವರಿಗೆಂದು ಕೊಂಡದ್ದಲ್ಲ. ಯಾರಿಗೆ ಎಂದು ಅಂಗಡಿಯ ಹುಡುಗಿ ಕೇಳಿದಳು. ಮಗನಿಗೆ ಎಂದೆ. ವಯಸ್ಸು ಕೇಳಿದಳು. ಅವಳ ಕ್ಯಾಲ್ಕುಲೇಟರಿನಲ್ಲಿ ಮೂವತ್ತೊಂದು ಎಂದು ಒತ್ತಿ ತೋರಿಸಿದೆ. ಟೇಪು ಹಿಡಿದುಕೊಂಡು ಭುಜದ ಅಳತೆ ಎಷ್ಟು ಎಂದಳು. ಅದು ನನಗೆ ಗೊತ್ತಿರಲಿಲ್ಲ ಶಾರದಾ. ಹಿಂದೆ ನಿಂತು ಆ ಅಂಕಿಯನ್ನೇ ನೋಡುತ್ತಿದ್ದ ಇವರು ಮುಂದೆ ಬಂದು, ಅವಳ ಟೇಪಿನ ಕಡೆಗೆ ಬೆನ್ನು ಮಾಡಿ ನಿಂತುಕೊಂಡರು.